ಕುವೆಂಪುನಗರದ ಡ್ರೈವಿಂಗ್ ಸ್ಕೂಲ್: ಮಗಳ 24 ತರಗತಿಗಳ ಲೆಕ್ಕ

ಮಗಳಿಗೆ 18 ತುಂಬಿದ ವಾರವೇ ಎಲ್‌ಎಲ್‌ಆರ್ ಕೈಗೆ ಬಂತು. ಅದರ ಮರುದಿನದಿಂದಲೇ ಮನೆಯಲ್ಲಿ ಡ್ರೈವಿಂಗ್ ಸ್ಕೂಲಿನ ಹುಡುಕಾಟ ಶುರುವಾಯಿತು. ನಾನು ಕಾರು ಕಲಿತದ್ದು 1998ರಲ್ಲಿ, ಅಣ್ಣನ ಹಳೆಯ ಮಾರುತಿ 800ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಮರಗಳ ನಡುವಿನ ರಸ್ತೆಗಳಲ್ಲಿ, ಭಾನುವಾರದ ಬೆಳಗಿನ ಹೊತ್ತು. ಅಣ್ಣನ ಬೈಗುಳವೇ ನನ್ನ ಪಠ್ಯಕ್ರಮವಾಗಿತ್ತು. ಎದುರಿಗೆ ಬರುತ್ತಿದ್ದದ್ದು ಒಂದೆರಡು ಸೈಕಲ್ಲು, ವಾಕಿಂಗ್ ಮುಗಿಸಿ ಮರಳುವ ಕೆಲವು ಮೇಷ್ಟ್ರು, ಅಷ್ಟೇ. ಆ ನೆಚ್ಚಿಕೆಯ ಮೇಲೆ ಮಗಳಿಗೂ ನಾವೇ ಕಲಿಸಲು ಹೊರಟು, ಎರಡು ಭಾನುವಾರ ಗಂಡ ಹೆಂಡತಿ ಮಗಳು ಮೂವರೂ ಜಗಳವಾಡಿಕೊಂಡು ಮನೆಗೆ ಬಂದ ಮೇಲೆ, ಕುವೆಂಪುನಗರದಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಇರುವ ಒಂದು ಶಾಲೆಗೆ 7,500 ರೂಪಾಯಿ ಕಟ್ಟಿದೆವು. ಈ ಬರಹ ಆ ಶಾಲೆಯ ವಿಮರ್ಶೆ. ಶಾಲೆಯ ಹೆಸರನ್ನು ಮಾತ್ರ ಬರೆಯುತ್ತಿಲ್ಲ. ಒಂದೇ ಸೂರಿನಡಿ ಇಬ್ಬರು ಬೋಧಕರು ತದ್ವಿರುದ್ಧವಾದ ಎರಡು ಪಾಠಗಳನ್ನು ಹೇಳಿಕೊಟ್ಟಿದ್ದಾರೆ. ಹೆಸರು ಹಾಕಿದರೆ ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಕಾರು ಹಳೆಯ ಹ್ಯಾಚ್‌ಬ್ಯಾಕ್ ಆದರೂ ಬ್ರೇಕು, ಟಯರು, ಕನ್ನಡಿ ಎಲ್ಲವೂ ಸರಿಯಾಗಿದ್ದವು. ಬೋಧಕರ ಕಾಲಿನ ಬಳಿ ಇನ್ನೊಂದು ಜೊತೆ ಕ್ಲಚ್ ಮತ್ತು ಬ್ರೇಕ್ ಪೆಡಲುಗಳಿದ್ದವು. ಡ್ರೈವಿಂಗ್ ಸ್ಕೂಲಿನ ವಾಹನಕ್ಕೆ ಈ ಜೋಡಿ ನಿಯಂತ್ರಣ ಇರಲೇಬೇಕೆಂಬುದು ನಿಯಮ. ನಮ್ಮ ಸ್ವಂತ ಕಾರಿನಲ್ಲಿ ಅದಿಲ್ಲದ್ದರಿಂದಲೇ ಆ ಎರಡು ಭಾನುವಾರ ನನ್ನ ಬಲಗಾಲು ಬರೀ ಮ್ಯಾಟನ್ನು ತುಳಿಯುತ್ತಿತ್ತು. ಮುಂದೆ ಹಿಂದೆ ಎರಡೂ ಕಡೆ ಬಿಳಿಯ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಎದ್ದು ಕಾಣುವಂತಿತ್ತು. ಸಮಯಪಾಲನೆಯ ಬಗ್ಗೆ ದೂರಿಲ್ಲ, ಬೆಳಿಗ್ಗೆ ಆರೂವರೆ ಎಂದರೆ ಆರೂವರೆಗೆ ಗೇಟಿನ ಮುಂದೆ ಹಾರನ್. ಕಚೇರಿಯಲ್ಲಿ ಸಂಚಾರ ಚಿಹ್ನೆಗಳ ಚಾರ್ಟೂ ಒಳಗಿನ ಭಾಗಗಳು ಕಾಣುವಂತೆ ಕತ್ತರಿಸಿಟ್ಟ ಒಂದು ಗೇರ್‌ಬಾಕ್ಸೂ ಇವೆ. ಎರಡರ ಮೇಲೂ ಒಂದೇ ಪ್ರಮಾಣದ ಧೂಳು ಕೂತಿತ್ತು. 24 ತರಗತಿಗಳಲ್ಲಿ ಒಮ್ಮೆಯೂ ಅವುಗಳ ಮುಂದೆ ಮಗಳನ್ನು ಯಾರೂ ನಿಲ್ಲಿಸಲಿಲ್ಲ.

ಇನ್ನು ಗಂಟೆಗಳ ಲೆಕ್ಕ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕಾರು ಕಲಿಸುವ ಶಾಲೆ ಕನಿಷ್ಠ 21 ದಿನ ತರಬೇತಿ ಕೊಡಬೇಕು, ಅದರಲ್ಲಿ ಕನಿಷ್ಠ 10 ಗಂಟೆ ಕಲಿಯುವವರು ನಿಜವಾಗಿ ಓಡಿಸಿರಬೇಕು. ಈ ಶಾಲೆಯ ರಸೀದಿಯಲ್ಲಿ 21 ದಿನ, ದಿನಕ್ಕೆ ಅರ್ಧ ಗಂಟೆ ಎಂದಿದೆ. ಕಾಗದದ ಮೇಲೆ ಹತ್ತೂವರೆ ಗಂಟೆಯಾಯಿತು. ಆದರೆ ಕಾರಿನಲ್ಲಿ ಕೂತ ಸಮಯ ಬೇರೆ, ಸ್ಟಿಯರಿಂಗ್ ಹಿಡಿದ ಸಮಯ ಬೇರೆ. ನನ್ನ ಮಗಳಿಗೆ ಎಲ್ಲವನ್ನೂ ಬರೆದಿಡುವ ಚಾಳಿ ಇದೆ. ಮೊದಲ 9 ತರಗತಿಗಳಲ್ಲಿ ಅವಳು ಓಡಿಸಿದ್ದು ಸರಾಸರಿ 18 ನಿಮಿಷ. ಉಳಿದ ಹೊತ್ತು ಮುಂದಿನ ವಿದ್ಯಾರ್ಥಿಯನ್ನು ಹತ್ತಿಸಿಕೊಳ್ಳಲು, ಪೆಟ್ರೋಲು ಹಾಕಿಸಲು, ಒಂದು ದಿನ ಬೋಧಕರ ಮನೆಯ ಗ್ಯಾಸ್ ಬುಕ್ಕಿಂಗಿನ ವಿಚಾರಕ್ಕೆ ಹೋಗಿತ್ತು. ಬೋಧಕರು ಬದಲಾದ ಮೇಲಿನ 12 ತರಗತಿಗಳು ತಲಾ ಪೂರ್ತಿ ಅರ್ಧ ಗಂಟೆ ನಡೆದವು. ಒಟ್ಟು ಕೂಡಿದರೆ 8 ಗಂಟೆ 42 ನಿಮಿಷ. ಆ ಚೀಟಿಯನ್ನು ಮಾಲೀಕರ ಮೇಜಿನ ಮೇಲೆ ಇಟ್ಟೆ. ಅವರು ಒಮ್ಮೆ ಚೀಟಿಯನ್ನೂ ಒಮ್ಮೆ ನನ್ನನ್ನೂ ನೋಡಿ, ವಾದ ಮಾಡದೆ ಇನ್ನೂ ಮೂರು ತರಗತಿಗಳನ್ನು ಉಚಿತವಾಗಿ ಕೊಟ್ಟರು. ಈ ಸೌಜನ್ಯವನ್ನು ಅವರ ಲೆಕ್ಕಕ್ಕೆ ಜಮಾ ಮಾಡಲೇಬೇಕು. ಹೋಲಿಕೆಗಾಗಿ ಹೇಳುವುದಾದರೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗಾಗಿ 2021ರಲ್ಲಿ ಬಂದ ನಿಯಮಗಳಲ್ಲಿ ಲಘು ವಾಹನದ ಕೋರ್ಸು 29 ಗಂಟೆಯದು, ಅದರಲ್ಲಿ 8 ಗಂಟೆ ತರಗತಿಯ ಪಾಠವೇ ಇದೆ. ಬೀದಿ ಬದಿಯ ಶಾಲೆಯಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ, ಸರಿ. ಆದರೂ 10 ಗಂಟೆಯನ್ನಾದರೂ ಕೇಳಿ ಪಡೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ನಿಮಿಷಗಳಿಗಿಂತ ದೊಡ್ಡ ತಕರಾರು ಮೊದಲ ಬೋಧಕರ ಕೈಯಲ್ಲಿದ್ದ ಫೋನಿನದು. ಮೂವತ್ತರ ಆಸುಪಾಸಿನ, ಸೌಮ್ಯ ಸ್ವಭಾವದ ಹುಡುಗ. ಕ್ಲಚ್ಚಿನ ಪಾಠವನ್ನು ಅವನಷ್ಟು ತಾಳ್ಮೆಯಿಂದ ಹೇಳಿಕೊಡುವವರನ್ನು ನಾನು ನೋಡಿಲ್ಲ. ಹಾಫ್ ಕ್ಲಚ್ಚಿನಲ್ಲಿ ಕಾರು ಸಣ್ಣಗೆ ನಡುಗುವುದನ್ನು ಪಾದದಿಂದಲೇ ಗುರುತಿಸುವುದಕ್ಕೆ ಮಗಳಿಗೆ ಎರಡೇ ದಿನದಲ್ಲಿ ಬರಿಸಿದ. ಆದರೆ ಕಾರು ಮೂರನೆಯ ಗೇರಿಗೆ ಬಂದದ್ದೇ ತಡ, ಅವನ ಕಣ್ಣು ತೊಡೆಯ ಮೇಲಿನ ಪರದೆಗೆ ಇಳಿದುಬಿಡುತ್ತಿತ್ತು. ರೀಲ್ಸ್, ವಾಟ್ಸಾಪ್, ಮುಂದಿನ ಬ್ಯಾಚಿನವರ ಕರೆ. ಬಲಗಾಲು ಬ್ರೇಕಿನ ಮೇಲಿದೆಯಲ್ಲ ಎಂಬ ಧೈರ್ಯ. ರಸ್ತೆಯನ್ನು ನೋಡದ ಕಣ್ಣಿಗೆ ಬ್ರೇಕಿನ ಮೇಲಿರುವ ಕಾಲಿನಿಂದ ಏನು ಪ್ರಯೋಜನವೆಂದು ಮಗಳು ಕೇಳಲಿಲ್ಲ; ಕಲಿಸುವವರನ್ನು ಪ್ರಶ್ನಿಸುವ ವಯಸ್ಸಲ್ಲ, ಅಭ್ಯಾಸವೂ ಇಲ್ಲ.

ಒಂಬತ್ತನೆಯ ದಿನ ನಡೆದದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ. ವಿಶ್ವಮಾನವ ಜೋಡಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ, ಮೂವತ್ತೈದರ ವೇಗದಲ್ಲಿ ಹೋಗುತ್ತಿದ್ದಾಳೆ. ಬೋಧಕ ಫೋನಿನಲ್ಲಿ ಮುಂದಿನ ವಿದ್ಯಾರ್ಥಿಗೆ ತಾನು ಎಲ್ಲಿ ಸಿಗುತ್ತೇನೆಂದು ವಿವರಿಸುತ್ತಿದ್ದಾನೆ. ವಿವರಿಸುತ್ತ, "ಎಡಗಡೆ ಬಾ, ಎಡಗಡೆ, ಅಲ್ಲೇ ತಿರುಗು" ಎಂದ. ಒಂಬತ್ತು ದಿನದಿಂದ ಆ ದನಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತ ಬಂದ ಹುಡುಗಿ ಎಡಕ್ಕೆ ತಿರುಗಿಸಿದಳು. ಇಂಡಿಕೇಟರ್ ಇಲ್ಲ, ಕನ್ನಡಿ ನೋಡಿಲ್ಲ. ಎಡಬದಿಯಲ್ಲಿ ಒಂದು ಸ್ಕೂಟರು, ಹಿಂದೆ ಹೂವಿನ ಬುಟ್ಟಿ ಕಟ್ಟಿಕೊಂಡ ಹೆಂಗಸು. ಆಕೆ ಕೂಗಿದ್ದು ಕೇಳಿ ಮಗಳೇ ಬ್ರೇಕು ಒತ್ತಿದಳು, ಕ್ಲಚ್ಚು ಮರೆತಳು, ಕಾರು ಗಕ್ಕನೆ ನಿಂತು ಆಫ್ ಆಯಿತು. ಸ್ಕೂಟರು ಬಂಪರಿಗೂ ಫುಟ್‌ಪಾತಿಗೂ ನಡುವಿನ ಒಂದು ಮೊಳದ ಸಂದಿಯಲ್ಲಿ ನಿಂತಿತ್ತು, ಬುಟ್ಟಿಯಿಂದ ಜಾರಿದ ಸೇವಂತಿಗೆ ರಸ್ತೆಯ ಮೇಲೆ ಚೆಲ್ಲಿತ್ತು. ಬೋಧಕ ತಲೆಯೆತ್ತಿ ಕೇಳಿದ ಮೊದಲ ಮಾತು, "ಯಾಕಮ್ಮ ತಿರುಗಿಸ್ದೆ?" ಫೋನಿನ ಆಚೆ ಬದಿಯವನು ಇನ್ನೂ ಮಾತನಾಡುತ್ತಲೇ ಇದ್ದನಂತೆ.

ಯಾರಿಗೂ ಪೆಟ್ಟಾಗಲಿಲ್ಲ. ಹೂವಿನ ದುಡ್ಡನ್ನು ಬೋಧಕನೇ ಕೊಟ್ಟ. ಆದರೆ ಮಗಳು ಮನೆಗೆ ಬಂದು, "ಅವರು ನನಗೆ ಹೇಳ್ತಿದ್ದಾರೋ ಫೋನಿಗೆ ಹೇಳ್ತಿದ್ದಾರೋ ಅಂತ ನಾನೇ ನೋಡ್ಕೋಬೇಕಿತ್ತು" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಗಾಡಿ ಓಡಿಸುವಾಗ ಫೋನು ಬಳಸುವುದು ನಡೆಯುತ್ತದೆ, ಅದನ್ನು ನಿಭಾಯಿಸಿಕೊಳ್ಳುವುದು ಉಳಿದವರ ಕೆಲಸ ಎಂಬ ತಿಳಿವಳಿಕೆ ಒಂಬತ್ತೇ ದಿನದಲ್ಲಿ, ಫೀಸು ಕೊಟ್ಟು, ಅವಳ ತಲೆಯೊಳಗೆ ಇಳಿದಿತ್ತು. ಪರೀಕ್ಷೆಗೆ ಕಲಿತದ್ದನ್ನು ಮಕ್ಕಳು ಮರೆಯುತ್ತಾರೆ. ಪಕ್ಕದಲ್ಲಿ ಕೂತು ಕಂಡದ್ದನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಮಾಲೀಕರ ಬಳಿ ಹೋಗಿ ಹೇಳಿದೆ. ಅವರು ಹುಡುಗನ ಪರವಾಗಿ ಎರಡು ಮಾತಾಡಿ, ಮರುದಿನದಿಂದ ಇನ್ನೊಬ್ಬರನ್ನು ಕಳಿಸಿದರು. ಇವರು ಕೆಎಸ್‌ಆರ್‌ಟಿಸಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಹಣೆಗೆ ವಿಭೂತಿ, ಕೈಯಲ್ಲೊಂದು ಕೀಪ್ಯಾಡ್ ಫೋನು. ಕಾರು ಹತ್ತಿದ ಕೂಡಲೇ ಆ ಫೋನನ್ನು ಆಫ್ ಮಾಡಿ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಇಟ್ಟು, "ನಿಂದೂ ಇಡು" ಎಂದರಂತೆ. ಖಾನೆ ಮುಚ್ಚಿದ ಸದ್ದು ಕೇಳಿದ ಮೇಲೆಯೇ ಕೀಲಿ ಕೊಡುತ್ತಿದ್ದರು. ಮೊದಲ ದಿನ ಮಗಳು ಬ್ಲೂಟೂತ್‌ನಲ್ಲಿ ಮಾತಾಡಿದರೆ ಕೈ ಖಾಲಿ ಇರುತ್ತದಲ್ಲ ಸಾರ್ ಎಂದು ವಾದಿಸಿದಳು. ಅವರು, "ಕೈ ಖಾಲಿ ಇದ್ದರೆ ಏನು ಬಂತು, ತಲೆ ಖಾಲಿ ಇರಬೇಕಲ್ಲ" ಎಂದುಬಿಟ್ಟರು.

ಅವರು ಅನುಭವದಿಂದ ಹೇಳಿದ್ದನ್ನೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಚಾಲನೆಯಲ್ಲಿ ಫೋನು ಬಳಸುವವರು ಅಪಘಾತಕ್ಕೆ ಸಿಕ್ಕುವ ಸಂಭವ ಬಳಸದವರಿಗಿಂತ ಸುಮಾರು 4 ಪಟ್ಟು ಹೆಚ್ಚು, ಕೈಯಲ್ಲಿ ಹಿಡಿಯದೆ ಮಾತಾಡುವುದರಿಂದ ಅದು ಹೇಳಿಕೊಳ್ಳುವಷ್ಟೇನೂ ಇಳಿಯುವುದಿಲ್ಲ. ರಸ್ತೆ ಸುರಕ್ಷತೆಯ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ಎಎಎ ಫೌಂಡೇಶನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಿಗೆ ಅಥವಾ ಫೋನಿಗೆ ಬಾಯಿಮಾತಿನಲ್ಲಿ ಆದೇಶ ಕೊಟ್ಟು ಮುಗಿದ ಮೇಲೂ ಚಾಲಕನ ಗಮನ ಪೂರ್ತಿ ರಸ್ತೆಗೆ ಮರಳುವುದಕ್ಕೆ ಕೆಲವೊಮ್ಮೆ 27 ಸೆಕೆಂಡಿನವರೆಗೂ ಹಿಡಿದದ್ದು ಕಂಡುಬಂದಿತ್ತು. 27 ಸೆಕೆಂಡಿನಲ್ಲಿ ನಮ್ಮೂರಿನಲ್ಲಿ ಒಂದು ಸರ್ಕಲ್ಲು ದಾಟಿ ಇನ್ನೊಂದಕ್ಕೆ ಮುಖ ಮಾಡಿಬಿಟ್ಟಿರುತ್ತೇವೆ.

ಹೊರವರ್ತುಲ ರಸ್ತೆಯಲ್ಲಿ ಅವರು ಮಾಡಿಸಿದ ಒಂದು ಪಾಠಕ್ಕೆ ನಾನೂ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಆ ದಿನ ಸ್ಟಿಯರಿಂಗ್ ಅವರ ಕೈಯಲ್ಲಿತ್ತು, ಮಗಳು ಪಕ್ಕದಲ್ಲಿ. ವೇಗ ಅರವತ್ತಕ್ಕೆ ಬಂದ ಮೇಲೆ ಖಾನೆಯಿಂದ ಫೋನು ತೆಗೆಯಲು ಹೇಳಿ, "ಕೊನೆಗೆ ಬಂದ ಮೆಸೇಜ್ ಓದು, ಅರ್ಥ ಆದ ಮೇಲೆ ತಲೆ ಎತ್ತು, ಅಮ್ಮ ಕಂಬ ಎಣಿಸಲಿ" ಎಂದರು. ಓದಿದ್ದು ಗೆಳತಿಯ ಒಂದು ಸಾಲು, ನಾಳೆಯ ಲ್ಯಾಬ್ ರೆಕಾರ್ಡಿನ ವಿಚಾರ. ಮಗಳು ತಲೆಯೆತ್ತುವಷ್ಟರಲ್ಲಿ ಮೂರು ದೀಪದ ಕಂಬಗಳು ಹಿಂದೆ ಸರಿದಿದ್ದವು. ಆಮೇಲೆ ನನ್ನ ಸರದಿ. ಕನ್ನಡಕ ಹುಡುಕಿ, ಬ್ಯಾಂಕಿನ ಮೆಸೇಜು ಓದಿ ಮುಗಿಸುವ ಹೊತ್ತಿಗೆ ಮಗಳು ಏಳು ಎಣಿಸಿ ನಗುತ್ತಿದ್ದಳು. ಲೆಕ್ಕ ಹಾಕಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್, ಐದು ಸೆಕೆಂಡಿಗೆ 83 ಮೀಟರ್. ಬೆಂಗಳೂರು ಹೆದ್ದಾರಿಯ 100ರ ವೇಗದಲ್ಲಿ ಅದೇ ಐದು ಸೆಕೆಂಡು ಸುಮಾರು 139 ಮೀಟರ್ ಆಗುತ್ತದೆ. ಹತ್ತು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಜೋಡಿಸಿ, ಕಣ್ಣು ಮುಚ್ಚಿಕೊಂಡು ಕಾರಿನಲ್ಲಿ ದಾಟಿದ ಹಾಗೆ. ಆದರೆ ಅಂಕಿಯನ್ನು ಓದಿ ತಿಳಿಯುವುದಕ್ಕೂ ಕಂಬಗಳನ್ನು ಎಣಿಸಿ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಆ ದಿನ ನನಗೆ ಗೊತ್ತಾಯಿತು. 7,500 ರೂಪಾಯಿಯ ಬಹುಪಾಲು ಆ ಒಂದು ಅರ್ಧ ಗಂಟೆಗೇ ಸಂದಿತು ಎಂದರೂ ನನ್ನ ತಕರಾರಿಲ್ಲ.

ಅವರ ಇನ್ನೊಂದು ಪದ್ಧತಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿಸುವುದು. ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲಿ ಇದು ಹಳೆಯ ಕ್ರಮವೆಂದು ಓದಿದ್ದೆ. ಇವರು ಅದನ್ನು ಓದಿ ಕಲಿತವರಲ್ಲ, ಡಿಪೋದಲ್ಲಿ ಹಿರಿಯರು ಹೀಗೆಯೇ ಕಲಿಸುತ್ತಿದ್ದರು ಎಂದರು. ಬೋಗಾದಿ ರಸ್ತೆಯಲ್ಲಿ ಮಗಳು ಓಡಿಸುತ್ತಿದ್ದಾಗಿನ ಮಾತುಗಳು ನನಗೆ ಈಗಲೂ ನೆನಪಿವೆ: "ಎಡಗಡೆ ಆಟೊ ನಿಂತಿದೆ, ಮುಂದಿನ ಚಕ್ರ ರಸ್ತೆ ಕಡೆ ತಿರುಗಿದೆ, ಹೊರಡಬಹುದು. ಬಸ್ ಸ್ಟಾಪ್‌ನಲ್ಲಿ ಬಸ್ಸಿದೆ, ಅದರ ಮುಂದಿಂದ ಯಾರಾದರೂ ದಾಟಬಹುದು. ಎದುರಿನ ಬೈಕಿನವನು ತಲೆ ಓರೆ ಮಾಡಿದ್ದಾನೆ, ಫೋನಲ್ಲಿದ್ದಾನೆ, ಅವನು ನನ್ನನ್ನು ನೋಡಿಲ್ಲ. ನಾಯಿ." ನಾಯಿ ಎಂದ ಕ್ಷಣವೇ ಕಾಲು ಬ್ರೇಕಿಗೆ ಬಂದಿತ್ತು. ಮೊದಲ ದಿನ ಅವಳು ಹೇಳಿದ್ದೆಲ್ಲ ಬಾನೆಟ್ಟಿನ ಹತ್ತು ಅಡಿ ಮುಂದಿನ ಸಂಗತಿಗಳು. ನಾಲ್ಕನೆಯ ದಿನಕ್ಕೆ ಅವಳ ಕಣ್ಣು ಮುಂದಿನ ಸರ್ಕಲ್ಲಿನವರೆಗೂ ಹೋಗತೊಡಗಿತು. ಈ ಅಭ್ಯಾಸದ ಇನ್ನೊಂದು ಗುಣವೆಂದರೆ ಬೇರೆ ಮಾತಿಗೆ ಬಾಯಿಯೂ ಇರುವುದಿಲ್ಲ, ತಲೆಯೂ ಇರುವುದಿಲ್ಲ. ಹಾಡು ಹಾಕಬೇಕೆಂದೂ ಅನಿಸುವುದಿಲ್ಲ.

ಮೈಸೂರಿನ ಸರ್ಕಲ್ಲುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು, ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಒಳಗೆ ಹೋಗಬೇಕು ಎಂಬುದನ್ನು ಮೊದಲ ಬೋಧಕ ಹೇಳಿರಲೇ ಇಲ್ಲ. ಇವರು ಅಗ್ರಹಾರ ವೃತ್ತದಲ್ಲಿ ಹನ್ನೊಂದು ಸುತ್ತು ಹಾಕಿಸಿ ಕಲಿಸಿದರು. ಅಲ್ಲಿ ಹೂವು ಮಾರುವವರಿಗೆಲ್ಲ ಮಗಳ ಮುಖ ಪರಿಚಯವಾಯಿತು.

ಚಾಮುಂಡಿ ಬೆಟ್ಟದ ತರಗತಿಯೂ ಕೋರ್ಸಿನಲ್ಲಿದೆ. ಇಳಿಯುವಾಗ ಎರಡನೆಯ ಗೇರು, ಬ್ರೇಕನ್ನು ಒತ್ತಿಹಿಡಿಯದೆ ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು, ತಿರುವಿಗೆ ಮೊದಲೇ ಹಾರನ್. ಇದನ್ನು ಎಲ್ಲ ಶಾಲೆಗಳೂ ಕಲಿಸುತ್ತವೆ ಎಂದುಕೊಂಡಿದ್ದೇನೆ, ಇಲ್ಲಿಯೂ ಚೆನ್ನಾಗಿಯೇ ಆಯಿತು.

ಡಿಎಲ್ ಪರೀಕ್ಷೆ ಹತ್ತು ನಿಮಿಷದೊಳಗೆ ಮುಗಿಯಿತು. ರಿವರ್ಸ್ ಸಹಿತ ಎಲ್ಲದರಲ್ಲೂ ಪಾಸು. ಶಾಲೆಯ ಜಾಹೀರಾತು ಹೇಳುವ ಸೇವೆ ಅಲ್ಲಿಗೆ ಪೂರ್ತಿಯಾದಂತೆ. ಆದರೆ ಹರೆಯದವರ ಮಟ್ಟಿಗೆ ಅಪಾಯದ ಕಾಲ ಆರಂಭವಾಗುವುದೇ ಲೈಸೆನ್ಸು ಕೈಗೆ ಬಂದ ಮೇಲೆ. ನ್ಯೂಜಿಲೆಂಡ್ 1987ರಲ್ಲಿ ಹಂತ ಹಂತದ ಲೈಸೆನ್ಸ್ ಪದ್ಧತಿಯನ್ನು ತಂದಿತು. ಅಮೆರಿಕದ ರಾಜ್ಯಗಳಲ್ಲೂ ಅದು ಬಂದಿದೆ. ಹೊಸದಾಗಿ ಲೈಸೆನ್ಸ್ ಪಡೆದ ಹರೆಯದವರಿಗೆ ಮೊದಮೊದಲ ತಿಂಗಳುಗಳಲ್ಲಿ ರಾತ್ರಿಯ ಚಾಲನೆಗೂ ಓರಗೆಯ ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ಅಲ್ಲಿ ಮಿತಿಗಳಿವೆ. ನಮ್ಮಲ್ಲಿ ಅಂಥ ಮಧ್ಯದ ಮೆಟ್ಟಿಲಿಲ್ಲ. ಬೆಳಿಗ್ಗೆ ಡಿಎಲ್ ಬಂದರೆ ರಾತ್ರಿ ನಾಲ್ವರು ಗೆಳೆಯರನ್ನು ತುಂಬಿಕೊಂಡು ಕೆಆರ್‌ಎಸ್ ರಸ್ತೆಗೆ ಹೊರಡಬಹುದು, ಕಾನೂನು ಅಡ್ಡ ಬರುವುದಿಲ್ಲ. ಬೋಧಕರು ಕೊನೆಯ ತರಗತಿಯಲ್ಲಿ ತಮ್ಮದೇ ಒಂದು ಕಾನೂನು ಹೇಳಿ ಕಳಿಸಿದರು: ಮೂರು ತಿಂಗಳು ಹಿಂದಿನ ಸೀಟಿನಲ್ಲಿ ಮನೆಯವರ ಹೊರತು ಯಾರೂ ಇಲ್ಲ, ಕತ್ತಲಾದ ಮೇಲೆ ಹೆದ್ದಾರಿ ಇಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡು ಒಪ್ಪಿದಳು. ನಾವು ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಇನ್ನೂ ಚಿಕ್ಕವರ ಕತೆಯೇ ಬೇರೆ. ನಮ್ಮ ಬೀದಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಬೆಳಿಗ್ಗೆ ಟ್ಯೂಷನ್ನಿಗೆ ಅಪ್ಪನ ಸ್ಕೂಟರಿನಲ್ಲಿ ಹೋಗುತ್ತಾನೆ, ಹೆಲ್ಮೆಟ್ಟಿಗೂ ಕಿವಿಗೂ ನಡುವಿನ ಸಂದಿಯಲ್ಲಿ ಮೊಬೈಲ್ ಸಿಕ್ಕಿಸಿಕೊಂಡು. ಹೆಲ್ಮೆಟ್ ಹಾಕಿದ್ದಾನಲ್ಲ ಎಂದು ಅವನ ಅಜ್ಜಿಗೆ ಸಮಾಧಾನ. ಗೇರಿಲ್ಲದ ಗಾಡಿಗೆ 16ಕ್ಕೇ ಲೈಸೆನ್ಸ್ ಸಿಗುತ್ತದೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಅದು 50 ಸಿಸಿ ಮೀರದ ಎಂಜಿನ್ನಿಗೆ ಮಾತ್ರ ಎಂಬ ಉತ್ತರಾರ್ಧವನ್ನು ನುಂಗಿಬಿಡುತ್ತಾರೆ. ನಮ್ಮ ಮನೆಗಳ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ನೂರು ಸಿಸಿಗೂ ಮೇಲಿನವು. ಮೋಟಾರು ವಾಹನ ಕಾಯ್ದೆಗೆ ಆದ 2019ರ ತಿದ್ದುಪಡಿಯ ನಂತರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅದೇ ತಿದ್ದುಪಡಿಯಲ್ಲಿ, ಓಡಿಸುವಾಗ ಕೈಯಲ್ಲಿ ಹಿಡಿದ ಫೋನಿನ ಬಳಕೆಯನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಲಾಯಿತು. ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ, ಅದೂ ಗಮನ ಕದಡದಂತೆ, ಬಳಸಲು ನಿಯಮಗಳಲ್ಲಿ ಅವಕಾಶವಿದೆ. ಇಷ್ಟನ್ನು ಶಾಲೆ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ರಸೀದಿಯ ಜೊತೆ ಪೋಷಕರಿಗೆ ಕೊಡಬಹುದಿತ್ತು. ಮಾಲೀಕರಿಗೆ ಹೇಳಿದ್ದೇನೆ. ನೋಡೋಣ ಎಂದಿದ್ದಾರೆ.

ಡಿಎಲ್ ಬಂದ ಮೇಲೆ ಬೇಕಾದವರಿಗೆ 1,200 ರೂಪಾಯಿಗೆ ಒಂದು ಹೆದ್ದಾರಿ ತರಗತಿ ಕೊಡುತ್ತಾರೆ: ಮಂಡ್ಯಕ್ಕೆ ಹೋಗಿ ಬರುವುದು. ಟೋಲ್ ನಮ್ಮದು. ಹೋಗುವಾಗ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆ, ಬರುವಾಗ ಸರ್ವಿಸ್ ರಸ್ತೆ. ಈ ಜೋಡಣೆ ಬಹಳ ಸೊಗಸಾಗಿದೆ. ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ನೇರವಾದ, ಅಗಲವಾದ, ಅಡ್ಡ ಬರುವವರಿಲ್ಲದ ರಸ್ತೆ. ಹೆದರಿಕೆ ಇಲ್ಲದಿರುವುದೇ ಅಲ್ಲಿನ ತೊಂದರೆ ಎಂದು ಬೋಧಕರ ಅಭಿಪ್ರಾಯ. ಗಣಂಗೂರು ಟೋಲ್ ದಾಟಿದ ಮೇಲೆ ಹತ್ತು ನಿಮಿಷ ಏನೂ ಆಗುವುದಿಲ್ಲ, ಏನೂ ಆಗದಿದ್ದಾಗ ಕೈ ತಾನಾಗಿ ಫೋನು ಹುಡುಕುತ್ತದೆ. ಮಗಳಿಗೆ ಅಲ್ಲಿಯೂ ಕಂಡದ್ದನ್ನು ಹೇಳಲು ಹೇಳಿದರು. ಹೇಳಲು ಏನೂ ಇಲ್ಲ ಸಾರ್ ಎಂದಾಗ, ಕನ್ನಡಿಯಲ್ಲಿ ಏನಿದೆ, ಸ್ಪೀಡ್ ಎಷ್ಟಿದೆ, ಮುಂದಿನ ಲಾರಿಗೆ ಎಷ್ಟು ದೂರ, ಅದನ್ನೇ ಹೇಳು ಎಂದರು.

ಮಂಡ್ಯದಲ್ಲಿ ಕಾಫಿ ಕುಡಿದು ಹೊರಟ ಮೇಲೆ ಸರ್ವಿಸ್ ರಸ್ತೆಯಲ್ಲಿ ಹೇಳುವುದಕ್ಕೆ ಬಾಯಿ ಸಾಲದು. ಕಬ್ಬು ಅರೆಯುವ ಕಾಲ. ಟ್ರಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳು, ಅವುಗಳಿಂದ ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ಸೋಗೆ, ಹಿಂಬದಿಯ ದೀಪವಾಗಲಿ ರಿಫ್ಲೆಕ್ಟರಾಗಲಿ ಕಾಣದಂತೆ ಮುಚ್ಚಿಕೊಂಡದ್ದು. ಎತ್ತಿನ ಗಾಡಿ, ಎದುರು ದಿಕ್ಕಿನಲ್ಲೇ ಬರುವ ಬೈಕು, ರಸ್ತೆಗೆ ಹರಡಿದ ಹುರುಳಿ. ಒಂದು ಟ್ರೇಲರಿನ ಹಿಂದೆ ಬೋಧಕರು ಕಾರು ನಿಧಾನ ಮಾಡಿಸಿ, "ಸಂಜೆ ಏಳು ಗಂಟೆಗೆ ಇದು ಹೆಂಗೆ ಕಾಣುತ್ತೆ ಹೇಳು" ಎಂದು ಕೇಳಿದರು. ಮಗಳು ಸ್ವಲ್ಪ ಯೋಚಿಸಿ, "ಕಾಣಲ್ಲ ಸಾರ್" ಎಂದಳು. ಸರಿ, ಈಗ ಓವರ್‌ಟೇಕ್ ಮಾಡು ಎಂದರು. ನಾನು ಹಿಂದೆ ಕೂತು ಮಂಡ್ಯದ ಬಾಳೆಹಣ್ಣು ತಿನ್ನುವುದನ್ನು ನಿಲ್ಲಿಸಿದ್ದೆ.

ಈ ತರಗತಿಯ ಬಗ್ಗೆ ನನ್ನದೊಂದೇ ಆಕ್ಷೇಪ, ಇದನ್ನು ಐಚ್ಛಿಕವಾಗಿ ಇಟ್ಟಿರುವುದು. ಶಾಲೆಯಲ್ಲಿ ಕೇಳಿದಾಗ, ಪಾಸಾದ ಮೇಲೆ ಯಾರೂ ಬರುವುದಿಲ್ಲ ಮೇಡಂ ಎಂದರು.

ಬೋಧಕರು ಹೇಳದೆ ಬಿಟ್ಟ ಒಂದು ಪಾಠವನ್ನು ನಾನೇ ಎಡವಿ ಕಲಿತೆ. ಲೈಸೆನ್ಸ್ ಬಂದ ಎರಡನೆಯ ವಾರ, ಒಂದು ಮಳೆಯ ಸಂಜೆ, ಕಾಲೇಜಿನಿಂದ ಮಗಳು ಒಬ್ಬಳೇ ಕಾರು ತರುತ್ತಿದ್ದಳು. ಆರೂವರೆ ಆಯಿತು, ಆರೂ ಮುಕ್ಕಾಲಾಯಿತು. ನಾನು ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಹನ್ನೊಂದು ನಿಮಿಷದಲ್ಲಿ ನಾಲ್ಕು ಸಲ ಮಾಡಿದ್ದೇನೆಂದು ಆಮೇಲೆ ಪರದೆ ತೋರಿಸಿತು. ಐದನೆಯದಕ್ಕೆ ಕೈ ಹಾಕುವಾಗ ಅವಳದೇ ಕರೆ ಬಂತು. ಕುಕ್ಕರಹಳ್ಳಿ ಕೆರೆಯ ಬೇಲಿಯ ಪಕ್ಕ ಗಾಡಿ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿಕೊಂಡು ಮಾತಾಡುತ್ತಿದ್ದಳು. "ಅಮ್ಮ, ಡ್ರೈವ್ ಮಾಡುವಾಗ ಫೋನ್ ಎತ್ತಬಾರದು ಅಂತ ಜಗಳ ಮಾಡಿ ಮೇಷ್ಟ್ರನ್ನೇ ಬದಲಾಯಿಸ್ದೋಳು ನೀನು. ನನಗೆ ಡ್ರೈವ್ ಮಾಡುವಾಗ ಫೋನ್ ಮಾಡೋಳು ನೀನೊಬ್ಬಳೇ." ನನ್ನ ಬಳಿ ಉತ್ತರವಿರಲಿಲ್ಲ, ಬೇಗ ಬಾ ಎಂದೆ. ಬೇಗ ಬಾ ಎಂಬ ಮಾತೂ ಸರಿಯಲ್ಲವೆಂದು ಫೋನಿಟ್ಟ ಮೇಲೆ ಹೊಳೆಯಿತು. ಆ ರಾತ್ರಿಯೇ ಅವಳು ಫೋನಿನಲ್ಲಿ ಡ್ರೈವಿಂಗ್ ಮೋಡ್ ಹಾಕಿಕೊಂಡಳು. ಕಾರು ಓಡುತ್ತಿರುವಾಗ ಅವಳ ಫೋನು ಸದ್ದು ಮಾಡುವುದಿಲ್ಲ. ಮೆಸೇಜು ಕಳಿಸಿದರೆ ಓಡಿಸುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ ಎಂಬ ಉತ್ತರ ತಾನಾಗಿ ಬರುತ್ತದೆ. ಐಫೋನಿನಲ್ಲಿ ಈ ಸೌಲಭ್ಯ 2017ರಿಂದ ಇದೆ, ಈಗ ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಸಿಗುತ್ತದೆ. ನನ್ನ ಫೋನಿನಲ್ಲೂ ಹಾಕಿಕೊಟ್ಟಿದ್ದಾಳೆ. ಮೊದಲ ದಿನ ನಮ್ಮ ಅತ್ತೆ ಆ ಇಂಗ್ಲಿಷ್ ಉತ್ತರವನ್ನು ನೋಡಿ, ಸೊಸೆಯ ಫೋನು ಯಾರೋ ಕದ್ದಿದ್ದಾರೆಂದು ಮನೆಯವರನ್ನೆಲ್ಲ ಎಬ್ಬಿಸಿದ್ದರು.

ಈ ಶಾಲೆಗೆ ಸೇರಬಹುದೇ ಎಂದು ಈಗಾಗಲೇ ನಾಲ್ಕಾರು ಮಂದಿ ಕೇಳಿದ್ದಾರೆ. ಬೋಧಕರು ಯಾರೆಂಬುದನ್ನು ಮೊದಲೇ ಗೊತ್ತು ಮಾಡಿಕೊಂಡು ಸೇರಬಹುದು ಎಂಬುದು ನನ್ನ ಉತ್ತರ. ಕಾರು, ಸಮಯ, ಮಾಲೀಕರ ನಡವಳಿಕೆ ಮೂರಕ್ಕೂ ನನ್ನ ಒಪ್ಪಿಗೆಯಿದೆ. ತರಗತಿಯ ಪಾಠಕ್ಕೆ ಸೊನ್ನೆ. ಹಿರಿಯ ಬೋಧಕರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಬರುತ್ತಾರೆ, ಒಂದು ಬಾರಿಗೆ ನಾಲ್ವರಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ತಿಂಗಳ ಕೊನೆಗೆ ಹೋಗಿ ಮುಂದಿನ ತಿಂಗಳ ಜಾಗ ಕೇಳಬೇಕು. ಮೊದಲ ತರಗತಿಗೆ ಮನೆಯವರು ಯಾರಾದರೂ ಹಿಂದಿನ ಸೀಟಿನಲ್ಲಿ ಕೂರುವುದಕ್ಕೆ ಶಾಲೆಯ ಆಕ್ಷೇಪವಿಲ್ಲ. ನಾವು ಅದನ್ನು ಒಂಬತ್ತು ದಿನ ತಡವಾಗಿ ಕೇಳಿದೆವು. ಮೊದಲ ಬೋಧಕನನ್ನು ಮೊನ್ನೆ ಜೋಡಿ ರಸ್ತೆಯಲ್ಲಿ ಕಂಡೆ. ಪಕ್ಕದಲ್ಲಿ ಹೊಸ ವಿದ್ಯಾರ್ಥಿ, ಅವನ ಫೋನು ಎಲ್ಲಿದೆಯೆಂದು ಕತ್ತು ಚಾಚಿ ನೋಡಿದೆ, ಕಾಣಲಿಲ್ಲ.

ಮಗನಿಗೆ 18 ತುಂಬಲು ಇನ್ನೂ ಎರಡು ವರ್ಷವಿದೆ. ಹಿರಿಯರ ಹತ್ತಿರ ಅವನ ಜಾಗವನ್ನು ಈಗಲೇ ಕಾದಿರಿಸಬಹುದೇ ಎಂದು ಕೇಳಿದೆ. ಅವರು ತಮ್ಮ ಮಂಡಿಯನ್ನು ನೀವಿಕೊಳ್ಳುತ್ತ, "ಇದು ಒಪ್ಪಿದರೆ ಬರ್ತೀನಮ್ಮ, ಈ ಕಡೆ ಕ್ಲಚ್ಚೂ ಗಟ್ಟಿ" ಎಂದರು.